ಬಿಳಿ ಲ್ಯಾವೆಂಡರೂ ನಮ್ಮ ಕೈಗುಣವೂ

ನಮ್ಮ ಕೊಪ್ಪ ಸೀಮೆಯ ಹೆಂಗಸರಲ್ಲಿ ಈಚೆಗೆ ಒಂದು ಹೊಸ ವ್ರತ ರೂಢಿಗೆ ಬಂದಿದೆ. ಇದಕ್ಕೆ ಪುರೋಹಿತರು ಬೇಡ, ಕಥೆ ಓದಬೇಕಾಗಿಲ್ಲ, ಉದ್ಯಾಪನೆಯಂತೂ ಇಲ್ಲವೇ ಇಲ್ಲ. ದೀಪಾವಳಿ ಕಳೆದು ಮಳೆಯ ಕಾಟ ತಪ್ಪಿದ ಮೇಲೆ ನರ್ಸರಿಯಿಂದ ಒಂದು ಗಿಡ ತರುವುದು. ಸಂಕ್ರಾಂತಿಯ ಹೊತ್ತಿಗೆ ಅದನ್ನು ಜಗಲಿಯ ಮೆಟ್ಟಿಲ ಮೇಲಿಟ್ಟು ಬಂದವರಿಗೆಲ್ಲ ತೋರಿಸುವುದು. ಮೃಗಶಿರ ಮಳೆ ಹಿಡಿದಾಗ ಕಳವಳಪಡುವುದು. ಆರಿದ್ರೆಯಲ್ಲಿ ಅದು ಬುಡದಿಂದ ಕಪ್ಪಾಗುವುದನ್ನು ನೋಡುವುದು. ಪುಷ್ಯ ಮಳೆಯಲ್ಲಿ ಕಿತ್ತು ಗೊಬ್ಬರದ ಗುಂಡಿಗೆ ಎಸೆಯುವುದು. ಮತ್ತೆ ದೀಪಾವಳಿ ಕಳೆದ ಮೇಲೆ ಇನ್ನೊಂದು ಗಿಡ ತರುವುದು. ಈ ವ್ರತದ ದೇವತೆಯ ಹೆಸರು ಬಿಳಿ ಇಂಗ್ಲಿಷ್ ಲ್ಯಾವೆಂಡರ್.

ಗಿಡಕ್ಕೆ ಕೊಟ್ಟ ದುಡ್ಡಿನ ಲೆಕ್ಕ ಕೇಳಲು ನಾನು ಇದನ್ನು ಬರೆಯುತ್ತಿಲ್ಲ. ಮನೆಯ ಖರ್ಚನ್ನೆಲ್ಲ ತೂಗಿಸಿ, ಮಿಕ್ಕ ನಾಲ್ಕು ಕಾಸಿನಲ್ಲಿ ಒಬ್ಬ ಹೆಂಗಸು ತನ್ನ ಕಣ್ಣಿಗೆ ಚಂದ ಕಾಣುವ ಒಂದು ಗಿಡ ತಂದರೆ ಲೆಕ್ಕ ಕೇಳುವ ಹಕ್ಕು ಯಾರಿಗೂ ಇಲ್ಲ. ನನ್ನನ್ನು ಕೆರಳಿಸಿದ್ದು ಬೇರೆ ಮಾತು. ನಮ್ಮ ಬಸರೀಕಟ್ಟೆಯಲ್ಲೇ, ಗಿಡ ಸತ್ತ ಮೇಲೆ ಒಬ್ಬರಲ್ಲ, ನಾಲ್ಕಾರು ಜನ ನನ್ನ ಹತ್ತಿರ ಒಂದೇ ವಾಕ್ಯವನ್ನು ಹೇಳಿದ್ದಾರೆ: "ಟೀಚರೇ, ನನ್ನ ಕೈಗುಣವೇ ಸರಿ ಇಲ್ಲ ಅಂತ ಕಾಣ್ತದೆ." ಹೀಗೆ ಹೇಳಿದವರಲ್ಲಿ ಒಬ್ಬರು ನಲವತ್ತು ವರ್ಷಗಳಿಂದ ತಮ್ಮ ಹಿತ್ತಿಲಲ್ಲಿ ಮಲ್ಲಿಗೆಯಿಂದ ಹಿಡಿದು ಮಾಗಣಿ ಬೇರಿನವರೆಗೆ ಬೆಳೆಸುತ್ತಾ ಬಂದವರು. ಒಣಕಡ್ಡಿ ಊರಿದರೂ ಚಿಗುರುತ್ತದೆ ಎಂದು ಊರವರು ಹೇಳುವ ಕೈ ಅವರದು. ಅಂಥವರ ಬಾಯಲ್ಲಿ ಈ ಮಾತು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಆದ್ದರಿಂದ ಮೊದಲು ಈ ಗಿಡದ ಜಾತಕವನ್ನೇ ನೋಡೋಣ.

ಇಂಗ್ಲಿಷ್ ಲ್ಯಾವೆಂಡರ್ ಇಂಗ್ಲೆಂಡಿನ ಗಿಡ ಅಲ್ಲ. ಅದರ ತವರು ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ಭಾಗದ ಬೆಟ್ಟಗಳು, ಅಂದರೆ ಫ್ರಾನ್ಸ್, ಸ್ಪೇನ್, ಇಟಲಿಗಳ ಕಲ್ಲುಗುಡ್ಡಗಳು. ಸಸ್ಯಶಾಸ್ತ್ರದವರು ಇದನ್ನು ಲ್ಯಾವಂಡುಲ ಅಂಗುಸ್ಟಿಫೋಲಿಯ ಎನ್ನುತ್ತಾರೆ. ನಮ್ಮ ತುಳಸಿ, ಕಾಮಕಸ್ತೂರಿ, ಮರುಗ, ಗದ್ದೆಯಂಚಿನ ತುಂಬೆ ಎಲ್ಲವೂ ಸೇರಿದ ಪುದೀನ ಕುಟುಂಬವೇ ಇದರದೂ. ಇಂಗ್ಲೆಂಡಿನವರು ಲಂಡನ್ನಿನ ಹತ್ತಿರದ ಮಿಚಮ್, ಅದರಾಚೆಯ ಹಿಚಿನ್ ಮೊದಲಾದ ಊರುಗಳಲ್ಲಿ ಹೊಲಗಟ್ಟಲೆ ಬೆಳೆದು, ಎಣ್ಣೆ ತೆಗೆದು, ಮಾರಿ ಹೆಸರು ಮಾಡಿದ್ದರಿಂದ ಆ ಹೆಸರು ಅಂಟಿಕೊಂಡಿತು. ಅದರ ಹೂ ಸಾಮಾನ್ಯವಾಗಿ ನೇರಳೆ, ಬಿಳಿಯದು ಅಪರೂಪ. ಅಪರೂಪ ಎಂದರೆ ದೊಡ್ಡವರ ಮನೆಯ ಸೊತ್ತು ತಾನೆ? ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸನ ತಲೆ ತೆಗೆದ 1649ರಲ್ಲಿ, ಅಲ್ಲಿಯ ಪಾರ್ಲಿಮೆಂಟು ಅವನ ರಾಣಿ ಹೆನ್ರಿಯೆಟಾ ಮರಿಯಾಳ ವಿಂಬಲ್ಡನ್ ಬಂಗಲೆಯ ಸೊತ್ತಿನ ಪಟ್ಟಿ ಮಾಡಿಸಿತು. ಆ ಪಟ್ಟಿಯಲ್ಲಿ ತೋಟದ ಅಂಚಿನ ಬಿಳಿ ಲ್ಯಾವೆಂಡರ್ ಕೂಡ ಸೇರಿತ್ತು. ಒಣಗಿದ ಹೂವನ್ನು ಸಣ್ಣ ಚೀಲದಲ್ಲಿ ಕಟ್ಟಿ ಬಟ್ಟೆಗಳ ನಡುವೆ ಇಡುವುದು ಅಲ್ಲಿಯ ಹೆಂಗಸರ ಹಳೆಯ ಪದ್ಧತಿ. ಲ್ಯಾಟಿನ್ನಿನ 'ತೊಳೆ' ಎಂಬ ಅರ್ಥದ ಮಾತಿನಿಂದಲೇ ಅದರ ಹೆಸರು ಬಂತೆಂದು ಹೇಳುವವರಿದ್ದಾರೆ.

ಇಷ್ಟು ಒಳ್ಳೆಯ ಗಿಡ ನಮ್ಮಲ್ಲೇಕೆ ಸಾಯುತ್ತದೆ? ಇದಕ್ಕೆ ಉತ್ತರವನ್ನು ನಾನು ವರ್ಷ ವರ್ಷವೂ ಮಕ್ಕಳಿಗೆ ಭೂಗೋಳದ ಪಾಠದಲ್ಲಿ ಹೇಳಿಕೊಡುತ್ತಿದ್ದೇನೆ. ಮೆಡಿಟರೇನಿಯನ್ ವಾಯುಗುಣದ ಲಕ್ಷಣ ಏನು? ಬೇಸಗೆ ಒಣ, ಮಳೆ ಚಳಿಗಾಲದಲ್ಲಿ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಪ್ರಶ್ನೆ. ನಮ್ಮದು ಇದಕ್ಕೆ ಪೂರ್ತಿ ತಿರುಗುಮುರುಗು. ಲಂಡನ್ನಿನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನಮ್ಮ ಕೊಪ್ಪ, ಶೃಂಗೇರಿ ಕಡೆಯಲ್ಲಿ ಜುಲೈ ಒಂದೇ ತಿಂಗಳು ಅಷ್ಟನ್ನು ಸುರಿದು ಇನ್ನೂ ಮಿಗಿಸುತ್ತದೆ. ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಹಾಕಿದ ಬಟ್ಟೆಗೂ ಹೊಗೆಯ ವಾಸನೆಯ ಜೊತೆ ಬೂಸಲು ಹಿಡಿಯುತ್ತದೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕೆನ್ನುವ ಗಿಡ ಈ ಅಂಗಳದಲ್ಲಿ ಏನು ಮಾಡಬೇಕು? ಚೆನ್ನಾಗಿ ಹೂ ಬಿಡಲು ಅದಕ್ಕೆ ಚಳಿಗಾಲದ ಕೊರೆಯುವ ಚಳಿಯೂ ಬೇಕು. ನಮ್ಮ ಮಾಗಿಯ ಚಳಿ ಅದರ ಲೆಕ್ಕದಲ್ಲಿ ಚಳಿಯೇ ಅಲ್ಲ.

ಇನ್ನು ಮಣ್ಣು. ಲ್ಯಾವೆಂಡರಿಗೆ ಸುಣ್ಣದ ಅಂಶವಿರುವ, ನೀರು ನಿಲ್ಲದ, ಬಡ ಮಣ್ಣು ಇಷ್ಟ. ನಮ್ಮ ಮಣ್ಣಿನ ಸುಣ್ಣವನ್ನು ಸಾವಿರಾರು ವರ್ಷಗಳ ಮಳೆ ತೊಳೆದುಕೊಂಡು ಹೋಗಿ ಅದು ಹುಳಿಯಾಗಿದೆ. ಇದನ್ನು ತಿಳಿಯಲು ಪ್ರಯೋಗಶಾಲೆ ಬೇಡ. ನಿಮ್ಮ ಅಂಗಳದಲ್ಲೋ ಪರಿಚಯದವರ ಎಸ್ಟೇಟ್ ಬಂಗಲೆಯ ಮುಂದೋ ಹೈಡ್ರೇಂಜಿಯಾ ಇದ್ದರೆ ಅದರ ಬಣ್ಣ ನೋಡಿ. ನೀಲಿ ಬಿಟ್ಟಿದ್ದರೆ ಮಣ್ಣು ಹುಳಿ. ಅದೇ ಗಿಡವನ್ನು ಸುಣ್ಣದ ಮಣ್ಣಿನಲ್ಲಿ ನೆಟ್ಟರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೀಲಿ ಹೈಡ್ರೇಂಜಿಯಾದ ಪಕ್ಕದಲ್ಲಿ ಲ್ಯಾವೆಂಡರ್ ನೆಡುವುದು ಬೆಕ್ಕಿನ ಪಕ್ಕ ಇಲಿಯನ್ನು ಮಲಗಿಸಿದ ಹಾಗೆ.

ಬುಡ ಕಪ್ಪಾಗುವುದು ಏನೆಂಬುದೂ ಅಡಿಕೆ ತೋಟದವರಿಗೆ ಹೊಸದಲ್ಲ. ಅಡಿಕೆ ಗೊನೆಯನ್ನು ಉದುರಿಸುವ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಎಂಬ ಜೀವಿಯ ಬಳಗದವೇ ಲ್ಯಾವೆಂಡರಿನ ಬೇರನ್ನೂ ಕೊಳೆಸುತ್ತವೆ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗದ ಬಗ್ಗೆ 1910ರಲ್ಲೇ ವಿವರವಾಗಿ ಬರೆದರು. ಅದಕ್ಕೂ ಮೊದಲೇ ನಮ್ಮವರು ಗೊನೆಗೆ ಕರಡದ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಆಮೇಲೆ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಬಂತು. ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ನಮ್ಮ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುತ್ತದೆ.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಕೊಳೆ ಬಂದು ತೋಟದ ಅರ್ಧ ಫಸಲು ನೆಲ ಕಂಡ ವರ್ಷ, ಯಜಮಾನರ ಕೈಗುಣ ಸರಿ ಇಲ್ಲ ಎಂದು ಯಾರಾದರೂ ಅಂದದ್ದನ್ನು ನೀವು ಕೇಳಿದ್ದೀರಾ? ನಾನು ಕೇಳಿಲ್ಲ. "ಈ ಸಲ ಮಳೆ ಹೊಡೆತ ಜಾಸ್ತಿ" ಎನ್ನುತ್ತಾರೆ. "ಔಷಧಿ ಹೊಡೆಯಲು ಬಿಡುವು ಸಿಗಲಿಲ್ಲ" ಎನ್ನುತ್ತಾರೆ. ಪರಿಹಾರ ಕೊಡಿ ಎಂದು ಅರ್ಜಿ ಬರೆಯುತ್ತಾರೆ. ಅದು ಸರಿಯೂ ಹೌದು, ಏಕೆಂದರೆ ತಪ್ಪು ಮಳೆಯದೇ. ಆದರೆ ಅದೇ ಮಳೆಗೆ, ಅದೇ ರೋಗದ ಬಳಗಕ್ಕೆ, ಅದೇ ಮನೆಯ ಜಗಲಿಯಲ್ಲಿ ಒಂದು ಹೂವಿನ ಗಿಡ ಸತ್ತರೆ ಮಾತ್ರ ತಪ್ಪು ಹೆಂಗಸಿನ ಕೈಯದು. ತೋಟಕ್ಕೆ ವಿಜ್ಞಾನ, ಹಿತ್ತಿಲಿಗೆ ಕೈಗುಣ! ಈ ಎರಡು ತಕ್ಕಡಿಯ ನ್ಯಾಯವನ್ನು ಬೇರೆಯವರು ನಮ್ಮ ಮೇಲೆ ಹೇರಿದ್ದು ಸಾಲದೆಂದು ನಾವೇ ಒಪ್ಪಿಕೊಂಡು ತಲೆತಗ್ಗಿಸುತ್ತಿದ್ದೇವೆ.

ಶಾಲೆಯಲ್ಲೂ ಇದನ್ನೇ ಕಂಡಿದ್ದೇನೆ. ಮನೆಯಲ್ಲಿ ಕೇಳಿರದ ಭಾಷೆಯಲ್ಲಿ ಒಂದನೆಯ ತರಗತಿಯಿಂದಲೇ ಪಾಠ ತುರುಕಿಸಿಕೊಂಡ ಮಗು ಬಾಯಿ ಬಿಡದಿದ್ದರೆ ಅದು ದಡ್ಡ ಮಗು. ಅದನ್ನು ಎಂಥ ಮಣ್ಣಿಗೆ ನೆಟ್ಟೆವು ಎಂದು ಕೇಳುವವರಿಲ್ಲ. ಸೋತವರ ತಲೆಗೇ ಸೋಲನ್ನು ಕಟ್ಟುವುದು ಬಹಳ ಸುಲಭ; ಬೇರೆ ಯಾರೂ ಉತ್ತರ ಕೊಡಬೇಕಾಗುವುದಿಲ್ಲ.

ಇಲ್ಲಿ ಉತ್ತರ ಕೊಡಬೇಕಾದವರು ಮಾರುವವರು. ತಂಪು ಸೀಮೆಯಲ್ಲಿ ಬೆಳೆಸಿ ಲಾರಿಯಲ್ಲಿ ತಂದ ಗಿಡವನ್ನು ನವೆಂಬರಿನ ಒಳ್ಳೆಯ ಬಿಸಿಲಿನಲ್ಲಿ ಸಾಲಾಗಿ ಇಟ್ಟರೆ ಯಾರಿಗೂ ಆಸೆಯಾಗುತ್ತದೆ. "ಇದು ಮಳೆಗಾಲ ದಾಟುತ್ತದೆಯೇ?" ಎಂದು ಒಂದು ನರ್ಸರಿಯಲ್ಲಿ ನಾನು ಕೇಳಿದ್ದೆ. "ಚೆನ್ನಾಗಿ ನೋಡಿಕೊಂಡರೆ ದಾಟುತ್ತೆ ಮೇಡಂ" ಎಂಬ ಉತ್ತರ ಬಂತು. ಆ 'ಚೆನ್ನಾಗಿ ನೋಡಿಕೊಂಡರೆ' ಎಂಬ ಎರಡು ಮಾತಿನ ಒಳಗೆ ಇಡೀ ಮೋಸ ಅಡಗಿದೆ. ಗಿಡ ಉಳಿದರೆ ಕೀರ್ತಿ ಅವರಿಗೆ, ಸತ್ತರೆ ನೀವು ಚೆನ್ನಾಗಿ ನೋಡಿಕೊಳ್ಳಲಿಲ್ಲ. ಮೊಬೈಲಿನಲ್ಲಿ ಬೀಜದ ಪೊಟ್ಟಣ ತರಿಸುವವರ ಕಥೆ ಇನ್ನೂ ಬೇರೆ. ಹೆಸರಾದ ಬಿಳಿ ತಳಿಗಳನ್ನು ಕಡ್ಡಿ ನೆಟ್ಟು ಬೆಳೆಸುತ್ತಾರೆ. ಬೀಜದಿಂದ ಹುಟ್ಟಿದ್ದೆಲ್ಲ ತಾಯಿಯಂತೆ ಬಿಳಿ ಹೂವನ್ನೇ ಬಿಡಬೇಕೆಂದಿಲ್ಲ. ಪೊಟ್ಟಣದ ಮೇಲಿನ ಚಿತ್ರ ಮಾತ್ರ ಹಾಲಿನಂತೆ ಬೆಳ್ಳಗಿರುತ್ತದೆ.

ನನ್ನ ಈ ಮಾತನ್ನು ಕೇಳಿದ ಕೆಲವರು ಖುಷಿಯಿಂದ, "ಅದೇ ಮತ್ತೆ, ಪರದೇಶದ ಗಿಡ ನಮಗೆ ಏಕೆ?" ಎನ್ನುತ್ತಾರೆ. ಅವರ ಪಕ್ಷಕ್ಕೆ ನನ್ನನ್ನು ಸೇರಿಸಬೇಡಿ. ನಮ್ಮ ಜಿಲ್ಲೆಯ ಬಾಬಾಬುಡನ್ ಗಿರಿಗೆ ಕಾಫಿ ಬಂದದ್ದು ಯೆಮನ್ನಿನಿಂದ ಎಂದು ಪ್ರತೀತಿ. ಸಾರಿಗೆ ಹಾಕುವ ಮೆಣಸಿನಕಾಯಿ, ದಸರೆಯ ಚೆಂಡುಹೂ ಎರಡೂ ಅಮೆರಿಕ ಖಂಡದವು. ತೋಟಕ್ಕೆ ಪರದೇಶದ ಬೆಳೆ ಬಂದರೆ ಅಭಿವೃದ್ಧಿ, ಅಂಗಳಕ್ಕೆ ಪರದೇಶದ ಹೂ ಬಂದರೆ ಶೋಕಿ ಎನ್ನುವವರ ದೇಶಾಭಿಮಾನದಲ್ಲಿ ನನಗೆ ನಂಬಿಕೆ ಇಲ್ಲ.

ಅಷ್ಟೇಕೆ, ಮಲೆನಾಡಿನ ಹೆಂಗಸರ ಪ್ರಾಣವಾದ ಡೇರೆ ಹೂವನ್ನೇ ನೋಡಿ. ಪೇಟೆಯವರು ಡೇಲಿಯಾ ಎನ್ನುವ ಈ ಹೂವಿನ ತವರು ಮೆಕ್ಸಿಕೋ; ಆ ದೇಶ 1963ರಲ್ಲಿ ಅದನ್ನು ತನ್ನ ರಾಷ್ಟ್ರೀಯ ಪುಷ್ಪವೆಂದು ಸಾರಿತು. ಆದರೆ ನಮ್ಮ ಅಂಗಳದ ಡೇರೆಯನ್ನು ಪರದೇಶದ್ದು ಎಂದು ಹೇಳಿ ನೋಡಿ, ಅಜ್ಜಿಯರು ಜಗಳಕ್ಕೇ ಬಂದಾರು. ಮೊದಲ ಮಳೆಗೆ ಗಡ್ಡೆ ಮೊಳೆತು, ಆಷಾಢದಲ್ಲಿ ಎದ್ದು ನಿಂತು, ಚೌತಿಯ ಹೊತ್ತಿಗೆ ತಟ್ಟೆಯಗಲ ಅರಳುತ್ತದೆ. ಮಳೆ ಬಿಟ್ಟ ಮೇಲೆ ಗಡ್ಡೆ ತೆಗೆದು, ಬೂದಿ ಸವರಿ, ಮೂಲೆಯಲ್ಲಿ ಇಟ್ಟರಾಯಿತು. "ಅತ್ತಿಗೆ, ನಿಮ್ಮನೆ ಕೇಸರಿ ಬಣ್ಣದ್ದು ಒಂದು ಗಡ್ಡೆ ನನಗೆ ಇಡಿ" ಎಂದು ಒಬ್ಬರು ಕೇಳಿದರೆ, "ನಿಮ್ಮ ಬಿಳೀದು ಒಂದು ಕೊಡಿ ಮತ್ತೆ" ಎಂದು ಇನ್ನೊಬ್ಬರು. ಗಂಡನ ಮನೆಗೆ ಹೋಗುವ ಮಗಳ ಚೀಲದಲ್ಲೂ ನಾಲ್ಕು ಗಡ್ಡೆ ಹೋಗುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಒಂದು ಪೈಸೆ ಕೈ ಬದಲಾಗುವುದಿಲ್ಲ.

ಒಂದು ಗಿಡ ನಮ್ಮದೋ ಅಲ್ಲವೋ ಎಂದು ಅಳೆಯಲು ನನ್ನ ಹತ್ತಿರ ಇರುವುದು ಇದೇ ಅಳತೆಗೋಲು. ಅದು ನಮ್ಮ ಮಳೆಯನ್ನು ದಾಟಬೇಕು, ನಮ್ಮ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕು. ಡೇರೆ ಎರಡರಲ್ಲೂ ಗೆದ್ದಿದೆ. ಬಿಳಿ ಲ್ಯಾವೆಂಡರ್ ಎರಡರಲ್ಲೂ ಸೋತಿದೆ. ಕಡ್ಡಿ ಮುರಿದು ನೆರೆಮನೆಗೆ ಕೊಡುವಷ್ಟು ಬೆಳೆಯುವ ಮೊದಲೇ ಅದು ಸಾಯುತ್ತದೆ. ಹಾಗಾಗಿ ಅದನ್ನು ಬೆಳೆಯುತ್ತೇವೆ ಎನ್ನುವುದು ಬರೀ ಹೆಸರಿಗೆ. ನಾವು ಮಾಡುತ್ತಿರುವುದು ವರ್ಷ ವರ್ಷ ಕೊಳ್ಳುವುದು ಮಾತ್ರ.

ಗಿಡದ ಮೇಲೆ ನನಗೆ ಸಿಟ್ಟಿಲ್ಲ ಎನ್ನುವುದಕ್ಕೆ ಜಮ್ಮುವಿನ ಭದರ್ವಾಹವೇ ಸಾಕ್ಷಿ. ದೋಡಾ ಜಿಲ್ಲೆಯ ಆ ಬೆಟ್ಟದ ಕಣಿವೆಯಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ. ಕೇಂದ್ರ ಸರ್ಕಾರದ ಸಿ.ಎಸ್.ಐ.ಆರ್. ಸಂಸ್ಥೆಯ ಅರೋಮಾ ಮಿಷನ್ ಯೋಜನೆಯಲ್ಲಿ ಅಲ್ಲಿಯ ರೈತರಿಗೆ ಲ್ಯಾವೆಂಡರ್ ಸಸಿ ಕೊಟ್ಟು, ಎಣ್ಣೆ ತೆಗೆಯುವ ಏರ್ಪಾಡು ಮಾಡಿದರು. ಮೆಕ್ಕೆಜೋಳ ಬೆಳೆಯುತ್ತಿದ್ದ ಎಷ್ಟೋ ಸಂಸಾರಗಳು ಅದಕ್ಕೆ ತಿರುಗಿಕೊಂಡವು. 2022ರಲ್ಲಿ ಅಲ್ಲಿ ಲ್ಯಾವೆಂಡರ್ ಉತ್ಸವವೇ ನಡೆಯಿತು. ಗಿಡಕ್ಕೆ ಒಪ್ಪುವ ನೆಲ ಸಿಕ್ಕರೆ ಅದು ಅನ್ನ ಕೊಡುತ್ತದೆ. ಇನ್ನೂ ಒಂದು ಸಂಗತಿ: ಲ್ಯಾವೆಂಡರಿನ ಕುಲಕ್ಕೇ ಸೇರಿದ ಒಂದು ಕಾಡುಗಿಡ, ಲ್ಯಾವಂಡುಲ ಬೈಪಿನ್ನೇಟ ಎಂಬುದು, ಯಾರೂ ನೆಡದೆ ದಖ್ಖನ್ ಸೀಮೆಯ ಗುಡ್ಡಗಳಲ್ಲಿ ತಾನಾಗಿ ಹುಟ್ಟುತ್ತದೆ. ಆದ್ದರಿಂದ ಬಯಲುಸೀಮೆಯ ಊರುಗಳಲ್ಲಿರುವ ಓದುಗ ಗೆಳತಿಯರು ಇದನ್ನು ಓದಿ ತಮ್ಮ ಕುಂಡವನ್ನು ಎಸೆಯಬೇಕಾಗಿಲ್ಲ. ಮಣ್ಣಿನ ಕುಂಡ, ಅರ್ಧಕ್ಕರ್ಧ ಮರಳು ಮತ್ತು ಸಣ್ಣ ಜಲ್ಲಿ, ಚಿಟಿಕೆ ಸುಣ್ಣ, ಪೂರ್ತಿ ಬಿಸಿಲು, ಮಣ್ಣು ಒಣಗಿದ ಮೇಲಷ್ಟೇ ನೀರು. ಇಷ್ಟಿದ್ದರೆ ಪ್ರಯತ್ನಕ್ಕೆ ಅರ್ಥವಿದೆ. ಗರಗಸದ ಹಲ್ಲಿನಂಥ ಎಲೆಯ ಇನ್ನೊಂದು ಜಾತಿಯ ಲ್ಯಾವೆಂಡರ್ ಇದೆ. ಅದು ಸೆಕೆಯನ್ನೂ ತೇವದ ಗಾಳಿಯನ್ನೂ ಇಂಗ್ಲಿಷ್ ಜಾತಿಗಿಂತ ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತದೆ. ಮಲೆನಾಡಿನವರು ಮಾತ್ರ ಈ ಹಟವನ್ನು ಬಿಡುವುದು ಒಳ್ಳೆಯದು.

"ಹಾಗಾದರೆ ಬಟ್ಟೆಯ ನಡುವೆ ಇಡುವ ಬಿಳಿಯ ಪರಿಮಳದ ಹೂ ನಮಗೆ ಬೇಡವೇ?" ಎಂದು ನೀವು ಕೇಳಬಹುದು. ಬೇಕು. ಅದು ನಮ್ಮಲ್ಲೇ ಇದೆ. ಅದರ ಹೆಸರು ಸುರಗಿ.

ಪಶ್ಚಿಮ ಘಟ್ಟದ ಸೀಮೆ ಬಿಟ್ಟರೆ ಸುರಗಿಗೆ ಬೇರೆ ತವರಿಲ್ಲ. ಶಿವರಾತ್ರಿಯ ಆಚೀಚೆ, ಎಲೆ ಉದುರಿದ ಕೊಂಬೆಯ ಮೈಗೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಮೊಗ್ಗು ಬರುತ್ತದೆ. ಬಿಳಿಯ ಎಸಳು, ನಡುವೆ ಹಳದಿ ಕೇಸರ. ಬಿರಿಯುವ ಮೊದಲೇ ಮೊಗ್ಗು ಕೊಯ್ದು, ಪೋಣಿಸಿ, ಮುಡಿದು, ಉಳಿದದ್ದನ್ನು ಒಣಗಿಸಿ ಸೀರೆಯ ಪೆಟ್ಟಿಗೆಯಲ್ಲಿ ಹಾಕಿಟ್ಟರೆ ವರ್ಷಗಟ್ಟಲೆ ಪರಿಮಳ. ಒಣಗಿದ ದಂಡೆಗೆ ನೀರು ಚಿಮುಕಿಸಿದರೆ ಅದರ ವಾಸನೆ ಮತ್ತೆ ಏಳುತ್ತದೆ. ನಮ್ಮ ನೆರೆಯ ತೀರ್ಥಹಳ್ಳಿ ಸೀಮೆಯಿಂದ ಬಂದ ಯು. ಆರ್. ಅನಂತಮೂರ್ತಿಯವರು 2012ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನಕ್ಕೆ ಇಟ್ಟ ಹೆಸರೂ ಸುರಗಿಯೇ. ಇಂಗ್ಲೆಂಡಿನ ರಾಣಿಯ ಸೊತ್ತಿನ ಪಟ್ಟಿಗೆ ಸೇರಿದ ಬಿಳಿ ಹೂವು ಮಾಡುವ ಕೆಲಸವನ್ನೆಲ್ಲ ನಮ್ಮ ಸುರಗಿ ಯಾವ ಪಟ್ಟಿಗೂ ಸೇರದೆ ಮಾಡುತ್ತಾ ಬಂದಿದೆ. ಜೊತೆಗೆ ಲಾವಂಚವಿದೆ. ಹೆಸರಿನಲ್ಲಿ ಲ್ಯಾವೆಂಡರಿನ ತಂಗಿಯಂತೆ ಕೇಳಿಸಿದರೂ ಜಾತಿಯಲ್ಲಿ ಹುಲ್ಲು. ಅದರ ಬೇರಿನ ಒಂದು ಕಟ್ಟು ಪೆಟ್ಟಿಗೆಯಲ್ಲಿದ್ದರೆ ಸಾಕು. ನೆಲದಲ್ಲಿದ್ದರೆ ಮಳೆಗೆ ಧರೆ ಕುಸಿಯದಂತೆ ಮಣ್ಣನ್ನೂ ಹಿಡಿದುಕೊಳ್ಳುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಮಾಡಿದವರು ನಮ್ಮನ್ನು ನೋಡಿಯೇ ಮಾಡಿರಬೇಕು.

ಆದರೆ ಸುರಗಿಯ ಸ್ಥಿತಿ ಈಗ ನೆಟ್ಟಗಿಲ್ಲ. ಅದು ನಿಧಾನವಾಗಿ ಬೆಳೆಯುವ ಮರ, ಹೂ ಕಾಣಲು ವರ್ಷಗಟ್ಟಲೆ ಕಾಯಬೇಕು. ಮೊಗ್ಗಿಗೆ ಪೇಟೆಯಲ್ಲಿ ಬೆಲೆ ಬಂದ ಮೇಲೆ ಮರ ಹತ್ತಿ ಒಂದೊಂದೇ ಬಿಡಿಸುವ ತಾಳ್ಮೆ ಇಲ್ಲದೆ ಕೊಂಬೆಯನ್ನೇ ಕಡಿದು ಕೆಡವುವವರಿದ್ದಾರೆ. ಅಂಗಳಕ್ಕೆ ಸಿಮೆಂಟು ಹಾಕುವಾಗ, ರಸ್ತೆ ಅಗಲ ಮಾಡುವಾಗ ಹೋದ ಮರಗಳ ಜಾಗದಲ್ಲಿ ಹೊಸದನ್ನು ನೆಡುವವರಿಲ್ಲ. ಹೈಸ್ಕೂಲಿನ ನನ್ನ ತರಗತಿಯಲ್ಲಿ ಲ್ಯಾವೆಂಡರ್ ಎಂದರೆ ಮಕ್ಕಳು ಸೋಪಿನ ಹೆಸರು ಹೇಳುತ್ತಾರೆ. ಸುರಗಿ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಬಸರಿಯ ಹೆಸರನ್ನೇ ಊರಿಗೆ ಇಟ್ಟುಕೊಂಡ ನಮ್ಮಂಥವರ ಮಕ್ಕಳು ಮರದ ಹೆಸರು ಮರೆತರೆ ನಾಚಿಕೆಪಡಬೇಕಾದವರು ಮಕ್ಕಳಲ್ಲ.

ಹಾಗಾಗಿ ನನ್ನ ಬೇಡಿಕೆ ಮೂರು. ನರ್ಸರಿಗೆ ಹೋದಾಗ, "ಇದನ್ನು ಮಲೆನಾಡಿನಲ್ಲಿ ಮಳೆಗಾಲ ದಾಟಿಸಿದವರ ಮನೆ ಒಂದನ್ನು ತೋರಿಸಿ" ಎಂದು ಕೇಳಿ. ತೋರಿಸಿದರೆ ಧಾರಾಳವಾಗಿ ಕೊಳ್ಳಿ. ಇನ್ನು, ಬರುವ ಮೃಗಶಿರಕ್ಕೆ ಇಬ್ಬರು ಮೂವರು ಸೇರಿ ಒಂದಾದರೂ ಸುರಗಿ ಸಸಿಯನ್ನು ಮನೆಯ ಹಿಂದೋ ಶಾಲೆಯ ಬೇಲಿಯಲ್ಲೋ ನೆಡಿ. ಅದರ ಹೂ ಮುಡಿಯುವುದು ನಿಮ್ಮ ಮಗಳೋ ಮೊಮ್ಮಗಳೋ ಇರಬಹುದು. ಅಡಿಕೆ ಸಸಿ ನೆಡುವಾಗಲೂ ನಮ್ಮ ಹಿರಿಯರು ಹೀಗೇ ಯೋಚಿಸಿದ್ದರು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಒಂದು ಗಿಡ ಸತ್ತಾಗ ಮಣ್ಣನ್ನು ಕೇಳಿ, ಮಳೆಯನ್ನು ಕೇಳಿ, ಮಾರಿದವರನ್ನು ಕೇಳಿ. ದಿನಕ್ಕೆ ಮೂರು ಹೊತ್ತು ಅನ್ನ ಬೇಯಿಸಿ, ಮಕ್ಕಳನ್ನು ಎತ್ತಿ ಆಡಿಸಿ, ಊರಿಗೆಲ್ಲ ಡೇರೆ ಗಡ್ಡೆ ಹಂಚಿದ ಆ ಕೈಗಳ ಮೇಲೆ ಮಾತ್ರ ಅಪವಾದ ಹೊರಿಸಬೇಡಿ.